ಧೋತರದ ಕಟ್ಟಿನ ಕೆಳಗೆ ಒಂದು ಗುರುತು

ಅಪ್ಪನ ಗುದನಾಳವನ್ನು ದುರ್ಬೀನಿನ ಆಪರೇಷನ್ ಮಾಡಿ ತೆಗೆಯುತ್ತಾರೆಂದು ಕೇಳಿ ಗೋಕಾಕಿನ ನಮ್ಮ ನೆಂಟರಿಗೆ ನಿರಾಳವಾಯಿತು. ಸಣ್ಣ ತೂತುಗಳಷ್ಟೇ ಅಲ್ಲವೇ ಎಂದರು. ಹೊಟ್ಟೆಯ ಮೇಲಿನ ತೂತುಗಳು ಸಣ್ಣವೇ, ಒಳಗಿನ ಕೆಲಸ ಮಾತ್ರ ಹೊಟ್ಟೆ ಸೀಳಿ ಮಾಡುವುದಕ್ಕಿಂತ ಗುಲಗಂಜಿಯಷ್ಟೂ ಕಡಿಮೆಯಲ್ಲ. ಕ್ಯಾನ್ಸರಿಗೆ ರೇಡಿಯೇಷನ್, ಕಿಮೋ ಮುಗಿದಿದ್ದವು. ಗಡ್ಡೆ ತೀರಾ ಕೆಳಗಿದ್ದುದರಿಂದ ಮಲ ತಡೆಹಿಡಿಯುವ ಸ್ನಾಯುವನ್ನೂ ತೆಗೆದು, ಗುದದ್ವಾರವನ್ನು ಹೊಲಿದು ಮುಚ್ಚಿ, ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರತರಬೇಕಿತ್ತು. ಬದುಕಿರುವವರೆಗೂ ಮಲ ಸೇರಲು ಅಲ್ಲಿ ಅಂಟಿಸುವ ಚೀಲ.

ಹಿಂದಿನ ಸಂಜೆ ಬೆಳಗಾವಿಯ ಆಸ್ಪತ್ರೆಯಲ್ಲಿ, ಕರುಳು ಹೊರತರುವ ಜಾಗಕ್ಕೆ ಗುರುತು ಹಾಕಲು ಸಿಸ್ಟರ್ ಪೆನ್ನು ಹಿಡಿದು ಬಂದರು. ‘ಕಾಕಾ, ದಿನವೂ ಉಡುವ ಹಾಗೆಯೇ ಧೋತರ ಉಟ್ಟುಕೊಳ್ಳಿ’ ಎಂದರು. ಅಪ್ಪ ಸಂಕೋಚದಿಂದಲೇ ಉಟ್ಟರು. ನಿಂತದ್ದಾಯಿತು, ಕುಳಿತದ್ದಾಯಿತು. ‘ಕಬ್ಬಿಗೆ ನೀರು ಹಾಯಿಸುವಾಗ ಬಗ್ಗುತ್ತೀರಲ್ಲ, ಹಾಗೆ ಬಗ್ಗಿ.’ ಬಗ್ಗಿದಾಗ ಮೊದಲು ಹಾಕಿದ ಗುರುತು ಹೊಟ್ಟೆಯ ಮಡಿಕೆಯೊಳಗೆ ಸೇರಿಕೊಂಡಿತು. ಮಡಿಕೆಯ ಮೇಲೆ ಚೀಲ ಸರಿಯಾಗಿ ಅಂಟುವುದಿಲ್ಲ, ಸೋರುತ್ತದೆ. ಸಿಸ್ಟರ್ ಅದನ್ನು ಸ್ಪಿರಿಟಿನಿಂದ ಒರೆಸಿ, ಧೋತರದ ಕಟ್ಟಿಗಿಂತ ಕೆಳಗೆ ಹೊಸ ಗುರುತು ಹಾಕಿ, ‘ನಿಮ್ಮ ಕಣ್ಣಿಗೆ ಕಾಣುತ್ತದೆಯೇ?’ ಎಂದು ಕೇಳಿದರು. ಚೀಲ ಬದಲಿಸಬೇಕಾದವರು ಅಪ್ಪನೇ ತಾನೆ! ಅಷ್ಟೂ ಚಿಕಿತ್ಸೆಯಲ್ಲಿ ಅಪ್ಪನನ್ನು ರೋಗಿಯೆಂದಲ್ಲದೆ ರೈತನೆಂದು ನೋಡಿದವರು ಅವರೊಬ್ಬರೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಬೆಳಿಗ್ಗೆ ಒಳಗೆ ಹೋದವರು ಹೊರಬಂದಾಗ ಮಧ್ಯಾಹ್ನ ಕಳೆದಿತ್ತು. ಎಚ್ಚರವಾದ ಮೇಲೆ ಅಪ್ಪ ಹೊಟ್ಟೆಯ ಮಾತೇ ಎತ್ತಲಿಲ್ಲ, ಹೆಗಲು ನೋಯುತ್ತಿದೆ ಎಂದು ಗೊಣಗಿದರು. ಒಳಗೆ ಕೆಲಸ ಮಾಡಲು ಜಾಗವಾಗಲೆಂದು ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತಾರೆ. ಉಳಿದ ಅನಿಲ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯನ್ನು, ಕೆರಳಿಸಿದರೆ ನೋವು ಹೆಗಲಲ್ಲಿ ಕಾಣಿಸಿಕೊಳ್ಳುತ್ತದೆಯಂತೆ. ಅದು ಬೇಗ ಹೋಯಿತು. ಕಾಡಿದ್ದು ಗುದದ್ವಾರ ಹೊಲಿದ ಕೆಳಗಿನ ಗಾಯ. ಕತ್ತರಿಸಿದ ಗುದನಾಳವನ್ನು ಹೊರತೆಗೆದದ್ದೂ ಅಲ್ಲಿಂದಲೇ. ನೋಡಲು ಬಂದವರು ಹೊಟ್ಟೆಯ ಪಟ್ಟಿಗಳನ್ನು ಎಣಿಸಿ ‘ಇಷ್ಟೇನಾ’ ಎನ್ನುತ್ತಿದ್ದರು. ಅಪ್ಪ ಮಗ್ಗುಲಾಗಿ ಮಲಗಿ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು.

ಚೀಲ ತೆರೆದಾಗ ಒದ್ದೆಯಾಗಿ ಹೊಳೆಯುವ ಕೆಂಪು ಕರುಳು ಕಂಡು ನಾನು ಮುಖ ತಿರುಗಿಸಿದೆ. ಅಪ್ಪ ಒರೆಸುವ ಬಟ್ಟೆ ಇಸಿದುಕೊಂಡು ತಾವೇ ಒರೆಸಿ, ‘ನೋವೇ ಇಲ್ಲವಲ್ಲ!’ ಎಂದರು. ಮುಂದೆ ಚೀಲ ಗಾಳಿ ತುಂಬಿ ಉಬ್ಬಿದ ದಿನ ಡಾಕ್ಟರು, ಕರುಳು ಕೆಲಸ ಶುರುಮಾಡಿದೆ ಎಂದು ಖುಷಿಪಟ್ಟರು. ಮೆತ್ತಗಿನ ಅನ್ನ, ತಿಳಿಸಾರು ಕೊಡಿ, ರೊಟ್ಟಿಗೆ ಕೆಲವು ವಾರ ತಡೆಯಿರಿ ಎಂದರು.

‘ಮೊಸರಲ್ಲಿ ನೆನೆಸಿದ ರೊಟ್ಟಿ ಅನ್ನಕ್ಕಿಂತ ಮೆತ್ತಗಿರುತ್ತದೆ ಸಾಹೇಬರೇ’ ಎಂದು ಅಪ್ಪ ವಾದಕ್ಕೆ ನಿಂತರು.