ಸ್ಪೀಡ್ ಆಮೇಲೆ, ಮೊದಲು ಕೇಜ್

ಅಮೆರಿಕದ ಮಿಶಿಗನ್‌ನಲ್ಲಿ ರೇಸ್ ಕಾರು ರೆಡಿ ಮಾಡ್ತಿದ್ದೇನೆ ಅಂದರೆ ಊರಿನವರೆಲ್ಲ ಕೇಳುವುದು ಒಂದೇ: "ಎಷ್ಟು ಸ್ಪೀಡ್ ಹೋಗತ್ತೆ?" ಉತ್ತರ ಕೇಳಿ ಚಿಕ್ಕಪ್ಪನಿಗಂತೂ ಬೇಜಾರೇ ಆಯಿತು. ನನ್ನದು ತೊಂಬತ್ತರ ದಶಕದ ಶುರುವಿನ ಮಾಜ್ದಾ ಮಿಯಾಟಾ. ಎರಡೇ ಸೀಟು, 1.6 ಲೀಟರ್ ಎಂಜಿನ್, 116 ಹಾರ್ಸ್‌ಪವರ್. ಅವರ ಕ್ರೆಟಾದ್ದೂ ಹತ್ತಿರ ಹತ್ತಿರ ಅಷ್ಟೇ.

ಮಜಾ ಇರುವುದು ಬೇರೆ ಕಡೆ. ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ 1944ರಿಂದ ಇರುವ ಹವ್ಯಾಸಿಗಳ ಕ್ಲಬ್. ಅದರ 'ಸ್ಪೆಕ್ ಮಿಯಾಟಾ' ಕ್ಲಾಸಿನಲ್ಲಿ ಎಲ್ಲರೂ ಓಡಿಸುವುದು ಮಿಯಾಟಾನೇ. ಸಸ್ಪೆನ್ಷನ್ ಕಿಟ್ಟು, ಟೈರು ಎಲ್ಲ ರೂಲ್ ಪುಸ್ತಕ ಹೇಳಿದ್ದೇ ಆಗಬೇಕು. ಎಂಜಿನ್ನಿಗೆ ಕೈ ಹಾಕಲು ಅವಕಾಶ ಬಹಳ ಕಮ್ಮಿ. ರೇಸ್ ಮುಗಿದ ಮೇಲೆ ಡ್ರೈವರ್ ಸಮೇತ ಕಾರನ್ನು ತೂಕಕ್ಕೆ ಹತ್ತಿಸುತ್ತಾರೆ. ಸಣಕಲು ಡ್ರೈವರುಗಳು ತೂಕ ಸಾಲದೆ ಸೀಸದ ಗಟ್ಟಿ ತಂದು ನೆಲಕ್ಕೆ ಬೋಲ್ಟ್ ಹಾಕಿಸಿಕೊಳ್ಳುತ್ತಾರೆ. ನನಗೆ ಆ ಕಷ್ಟ ಇಲ್ಲ ಬಿಡಿ.

ಹೀಗಾಗಿ ನನ್ನ ದುಡ್ಡು, ವೀಕೆಂಡು ಎರಡೂ ಹೋಗಿದ್ದು ಜಾಸ್ತಿ ಸೇಫ್ಟಿ ಕೆಲಸಕ್ಕೆ.

ಮೊದಲು ಒಳಗಿನದ್ದೆಲ್ಲ ಕಿತ್ತೆ. ಕಾರ್ಪೆಟ್ ಸುಲಭವಾಗಿ ಬಂತು. ಅದರಡಿ, ಸದ್ದು ತಡೆಯಲು ಟಾರಿನಂಥ ದಪ್ಪ ಪದರ ಇರುತ್ತದೆ, ಅದು ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಅದಕ್ಕೊಂದು ಉಪಾಯ: ಮೇಲೆ ಡ್ರೈ ಐಸ್ ಸುರಿದು ಸ್ವಲ್ಪ ಹೊತ್ತು ಬಿಡುವುದು. ಹೆಪ್ಪುಗಟ್ಟಿ ಗಡುಸಾದ ಮೇಲೆ ಸುತ್ತಿಗೆಯಲ್ಲಿ ತಟ್ಟಿದರೆ ಹಪ್ಪಳದ ಹಾಗೆ ಒಡೆದು ಬರುತ್ತದೆ. ನನ್ನಾಕೆ ಬಾಗಿಲಲ್ಲಿ ನಿಂತು ನೋಡಿ, "ಇಷ್ಟೆಲ್ಲ ಕಿತ್ತ ಮೇಲೂ ಇದನ್ನ ಕಾರು ಅಂತಾರಾ?" ಅಂದಳು.

ಆಮೇಲೆ ರೋಲ್ ಕೇಜ್. ಕಾರು ಪಲ್ಟಿಯಾದರೆ ಡ್ರೈವರ್ ಸುತ್ತ ಜಾಗ ಉಳಿಸುವ ಪಂಜರ. ಇದನ್ನು ಮಾತ್ರ ಪಳಗಿದ ವೆಲ್ಡರ್ ಒಬ್ಬರಿಗೆ ಕೊಟ್ಟೆ. ಊರಲ್ಲಿ ಗೇಟು, ಗ್ರಿಲ್ಲಿಗೆ ಬಳಸುವ, ತಗಡು ಸುತ್ತಿ ಉದ್ದಕ್ಕೂ ಬೆಸೆದ ಇಆರ್‌ಡಬ್ಲ್ಯೂ ಪೈಪು ಇಲ್ಲಿ ನಡೆಯುವುದಿಲ್ಲ. ಈ ತೂಕದ ಕಾರಿಗೆ ಒಂದೂವರೆ ಇಂಚು ವ್ಯಾಸದ, ಸುಮಾರು 2.4 ಮಿ.ಮೀ. ದಪ್ಪ ಗೋಡೆಯ ಡಿಒಎಂ ಪೈಪೇ (ಬೆಸೆದ ಮೇಲೆ ಅಚ್ಚಿನ ಮೇಲೆ ಎಳೆದು ಗಟ್ಟಿ ಮಾಡಿದ್ದು) ಬೇಕು. ಹೊರಗಿನಿಂದ ಗೋಡೆ ಎಷ್ಟು ದಪ್ಪ ಅಂತ ಹೇಗೆ ಗೊತ್ತಾಗಬೇಕು? ಅದಕ್ಕೆ ಪೈಪಿಗೆ ಬೇಕಂತಲೇ ಒಂದು ಸಣ್ಣ ತೂತು ಕೊರೆಯಬೇಕು ಅನ್ನುವುದೂ ರೂಲೇ. ಇನ್‌ಸ್ಪೆಕ್ಟರ್ ಅಲ್ಲಿಂದ ಅಳೆದು ನೋಡಬಹುದು.

ಪೈಪುಗಳು ಕೂಡುವ ಕಡೆ ಸುತ್ತಲೂ ಪೂರ್ತಿ ವೆಲ್ಡಿಂಗ್ ಆಗಬೇಕು. ಆದರೆ ಮಿಯಾಟಾದ ಮೇಲ್ಭಾಗದಲ್ಲಿ ವೆಲ್ಡಿಂಗ್ ಗನ್ ತೂರಿಸಲೂ ಜಾಗ ಇಲ್ಲ. ವೆಲ್ಡರ್ ಏನು ಮಾಡಿದರು ಗೊತ್ತಾ? ಕೇಜಿನ ಕಾಲು ಕೂರುವಲ್ಲಿ ಕಾರಿನ ನೆಲವನ್ನೇ ಕೊರೆದು, ಇಡೀ ಕೇಜನ್ನು ಕೆಳಕ್ಕೆ ಇಳಿಸಿ, ಮೇಲಿನ ಜಾಯಿಂಟುಗಳನ್ನು ಆರಾಮವಾಗಿ ಬೆಸೆದರು. ಮತ್ತೆ ಮೇಲೆತ್ತಿ, ತೂತುಗಳಿಗೆ ದಪ್ಪ ಪ್ಲೇಟ್ ಮುಚ್ಚಿ, ಕಾಲುಗಳನ್ನು ಅದರ ಮೇಲೆ ನಿಲ್ಲಿಸಿದರು. ಆ ಕೆಲಸ ನೋಡಿದ್ದಕ್ಕೇ ಕೊಟ್ಟ ದುಡ್ಡು ವಸೂಲಾಯಿತು.

ಸೀಟು, ಬಾಗಿಲಿನ ಬಲೆ, ಬೆಂಕಿ ಆರಿಸುವ ಸಿಲಿಂಡರು, ಹಿಂದೆ ಮುಂದೆ ಎಳೆಯುವ ಕೊಕ್ಕೆ ಇವೆಲ್ಲ ದುಡ್ಡು ಕೊಟ್ಟರೆ ಮುಗಿಯುವ ಮಾತು. ಸೀಟ್ ಬೆಲ್ಟಿಗೆ ಮಾತ್ರ ಔಷಧಿ ಬಾಟಲಿಯಂತೆ ತಾರೀಕು ಇದೆ. ಒಂದೇ ಒಂದು ರೇಸಿಗೆ ಹೋಗದಿದ್ದರೂ ಅವಧಿ ಮುಗಿದರೆ ಹೊಸದು ತರಬೇಕು. ಬಿಸಿಲಿಗೆ ನೂಲು ಸೊರಗುತ್ತದೆ, ಒಪ್ಪಿದೆ. ಆದರೂ ಹೊಟ್ಟೆ ಉರಿಯುತ್ತದೆ, ಅಲ್ವಾ?

ಇನ್‌ಸ್ಪೆಕ್ಷನ್ ಮಾಡಿದವರು ಸಂಬಳವಿಲ್ಲದೆ ದುಡಿಯುವ ಹಿರಿಯರು. ತೂತಿನಲ್ಲಿ ಅಳೆದರು. ಸ್ಟಿಯರಿಂಗ್ ಲಾಕ್ ತೆಗೆದಿದೆಯಾ ಅಂತ ತಿರುಗಿಸಿ ನೋಡಿದರು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಲು ಹೇಳಿ, ಮಿಂಚಿನ ಗುರುತಿನ ನೀಲಿ ತ್ರಿಕೋನ ಅಂಟಿಸಿದ್ದ ಕಿಲ್ ಸ್ವಿಚ್ (ಇಡೀ ಕಾರಿನ ಕರೆಂಟು ಕಡಿಯುವ ಸ್ವಿಚ್) ತಿರುಗಿಸಿದರು. ಎಂಜಿನ್ ಟಪ್ ಅಂತ ನಿಂತಿತು. ಬರೀ ಬ್ಯಾಟರಿ ಕಟ್ ಮಾಡಿದರೆ ಸಾಲದು. ಆಲ್ಟರ್ನೇಟರ್ ಕರೆಂಟು ಕೊಡುತ್ತಲೇ ಇರುತ್ತದೆ, ಎಂಜಿನ್ ಓಡುತ್ತಲೇ ಇರುತ್ತದೆ. ಎಷ್ಟೋ ಕಾರು ಸಿಕ್ಕಿಬೀಳುವುದು ಇಲ್ಲೇ ಅಂತ ನಕ್ಕರು. ಲಾಗ್ ಬುಕ್ ಬರೆದು ಕೊಟ್ಟರು.

ಕಾರಿನ ಕಾಗದ ಆಯಿತು, ನನ್ನದಿನ್ನೂ ಬಾಕಿ. ಡಾಕ್ಟರ್ ಸರ್ಟಿಫಿಕೇಟು, ರೇಸಿಂಗ್ ಸ್ಕೂಲು ಮುಗಿದರೆ ಲೈಸೆನ್ಸು. ಮನೆ ಹತ್ತಿರದ ವಾಟರ್‌ಫರ್ಡ್ ಹಿಲ್ಸ್ ಟ್ರ್ಯಾಕಿನಲ್ಲಿ ಬೇಸಿಗೆಗೆ ಇಳಿಯುವ ಆಸೆ. ಸದ್ಯಕ್ಕೆ ರೇಡಿಯೇಟರ್ ಚಿಂತೆ. ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆ ಅಂತ ಆಂಟಿಫ್ರೀಜ್ ಹಾಕಲು ಬಹಳ ಕಡೆ ಬಿಡುವುದಿಲ್ಲ, ಬರೀ ನೀರು. ಇಲ್ಲಿಯ ಚಳಿಗೆ ನೀರು ಗಟ್ಟಿಯಾಗಿ ಎಂಜಿನ್ನೇ ಸೀಳುತ್ತದೆ. ಈ ಶನಿವಾರ ಪೂರ್ತಿ ಬಸಿದು ಬಿಡಬೇಕು.