ಅಳಿವೆಯ ಕೆಸರು ನೋಡಿ ಚರಂಡಿ ನೀರು ಸೇರಿದೆ ಅಂತ ಹೇಳಬಹುದಾ?

ನಾನು ಅಳಿವೆಯ ಕೆಸರಿನ ಮೇಲೆ ಕೆಲಸ ಮಾಡುತ್ತೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದು: "ಕೆಸರಿನಲ್ಲಿರೋ ಸಾರಜನಕ ಊರಿನ ಚರಂಡಿಯದ್ದೋ, ಗದ್ದೆಯ ಯೂರಿಯಾದ್ದೋ ಅಂತ ಐಸೋಟೋಪ್ ನೋಡಿ ಹೇಳ್ತಾರಂತೆ, ಹೌದಾ?" ಒಂದೇ ಸಂಖ್ಯೆ ನೋಡಿ ಹೇಳಲು ಆಗುವುದಿಲ್ಲ. ನಮ್ಮ ಕರಾವಳಿಯಲ್ಲಂತೂ ಅದು ಇನ್ನೂ ಕಷ್ಟ.

ಸಾರಜನಕದ ಪರಮಾಣುಗಳಲ್ಲಿ ಎರಡು ಬಗೆ, ಇವನ್ನೇ ಐಸೋಟೋಪ್ ಅನ್ನುವುದು. ಗಾಳಿಯಲ್ಲಿ ನೂರಕ್ಕೆ 99.6ರಷ್ಟು ಹಗುರವಾದ 14, ಉಳಿದ ಚೂರು ಸ್ವಲ್ಪ ಭಾರದ 15. ಗಾಳಿಗಿಂತ ಈ ಭಾರದ್ದು ಸಾವಿರಕ್ಕೆ ಎಷ್ಟು ಜಾಸ್ತಿ ಇದೆ ಅನ್ನುವುದೇ ನಾವು ಅಳೆಯುವ ಡೆಲ್ಟಾ. ಯೂರಿಯಾ ಮಾಡುವುದು ಗಾಳಿಯ ಸಾರಜನಕದಿಂದಲೇ, ಹಾಗಾಗಿ ಅದರ ಡೆಲ್ಟಾ ಸೊನ್ನೆಯ ಆಸುಪಾಸು. ಮಲಮೂತ್ರ, ಸಗಣಿಯಿಂದ ಬರುವ, ನೀರಿನಲ್ಲಿ ಕರಗುವ ಸಾರಜನಕದ ರೂಪವಾದ ನೈಟ್ರೇಟ್‌ನದ್ದು ಸಾಮಾನ್ಯವಾಗಿ 10ರಿಂದ 20. ಹಗುರ ಅಮೋನಿಯಾ ಮೊದಲು ಗಾಳಿಗೆ ಹೋಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಇಷ್ಟೇ ಆಗಿದ್ದರೆ ಕೆಲಸ ಸುಲಭ ಅಲ್ವಾ?

ಆದರೆ ಸಾಗರದ ಆಳದ ನೈಟ್ರೇಟ್‌ನ ಡೆಲ್ಟಾ ಸುಮಾರು 5. ಡೆಲ್ಟಾ 10 ಇರುವ ಚರಂಡಿ ಸಾರಜನಕ ಅರ್ಧ, ಯೂರಿಯಾದ್ದು ಅರ್ಧ ಸೇರಿದರೂ ಬರುವುದು ಅದೇ 5. ಸಂಖ್ಯೆ ಕಡಿಮೆ ಬಂತು, ಚರಂಡಿ ನೀರು ಇಲ್ಲ ಅನ್ನುವುದು ತಪ್ಪು.

ಜಾಸ್ತಿ ಬಂದರೂ ಚರಂಡಿಯೇ ಅನ್ನುವ ಹಾಗಿಲ್ಲ. ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ 1000 ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ನೈಟ್ರೇಟ್ ಬಳಸಿ, ಅದನ್ನು ಮತ್ತೆ ಸಾರಜನಕ ಅನಿಲವಾಗಿಸುತ್ತವೆ. ಹಗುರವಾದದ್ದನ್ನೇ ಮೊದಲು ಬಳಸುವುದರಿಂದ ಉಳಿದ ನೈಟ್ರೇಟ್ ಭಾರವಾಗುತ್ತಾ ಹೋಗುತ್ತದೆ. ಮುಂಗಾರಿನಲ್ಲಿ ಕೆಳಗಿನ ನೀರು ನಮ್ಮ ತೀರದ ಕಡೆ ಮೇಲೇಳುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ತೀರದ ಹತ್ತಿರದ ತಳದ ನೀರಿನಲ್ಲೂ ಆಮ್ಲಜನಕ ಮುಗಿಯುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಸಂಗಡಿಗರು 2000ದಲ್ಲೇ ಇದನ್ನು ವರದಿ ಮಾಡಿದ್ದಾರೆ. ಆ ನೀರಿನಲ್ಲಿ ಬೆಳೆದ ಪಾಚಿ ಸತ್ತು ತಳ ಸೇರಿದರೆ, ಒಂದು ಹನಿ ಚರಂಡಿ ನೀರು ಸೇರದೆಯೂ ಕೆಸರಿನ ಸಂಖ್ಯೆ ಏರುತ್ತದೆ. ಅರಬ್ಬೀ ಸಮುದ್ರದ ತಳದಿಂದ ತೆಗೆದ ಹಳೆಯ ಪದರಗಳಲ್ಲೂ ಡೆಲ್ಟಾ ಬೆಚ್ಚನೆಯ ಕಾಲದಲ್ಲಿ ಏರಿದೆ, ಹಿಮಯುಗದ ಚಳಿಯಲ್ಲಿ ಇಳಿದಿದೆ. ಆಗ ಊರೂ ಇರಲಿಲ್ಲ, ಚರಂಡಿಯೂ ಇರಲಿಲ್ಲ.

ಇನ್ನು ಕೆಸರಿನ ಒಳಗೆ ನಡೆಯುವುದು ನನಗೆ ತುಂಬಾ ಇಷ್ಟದ ಭಾಗ. ಇಳಿತದ ಹೊತ್ತಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕ ಒಂದು ಪ್ಲಾಸ್ಟಿಕ್ ಕೊಳವೆಯನ್ನು ಕೆಸರಿಗೆ ಒತ್ತಿ ಮೇಲೆತ್ತಿ ನೋಡಿ. ಮೇಲಿನ ಕೆಲವೇ ಮಿಲಿಮೀಟರ್ ಕಂದು. ಕೆಳಗೆಲ್ಲ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಆ ಕಪ್ಪಿನ ನಡುವೆ ಏಡಿ ಬಿಲ ಸಿಕ್ಕಿದರೆ ಅದರ ಗೋಡೆಗೂ ಕಂದು ಬಳಿದಂತೆ ಇರುತ್ತದೆ, ಏಕೆಂದರೆ ಆಮ್ಲಜನಕ ಬಿಲದ ಮೂಲಕ ಕೆಳಗೆ ಹೋಗಿದೆ. ಕಂದು ಭಾಗದಲ್ಲಿ ಅಮೋನಿಯಂ ಅನ್ನುವುದು ನೈಟ್ರೇಟ್ ಆಗಿ ಬದಲಾಗುತ್ತದೆ. ಅದು ಪಕ್ಕದ ಕಪ್ಪಿಗೆ ಇಳಿದ ಕೂಡಲೇ ಅನಿಲವಾಗಿ ಹೋಗುತ್ತದೆ. ಆದರೆ ಇಲ್ಲಿ ಗುರುತು ಉಳಿಯುವುದೇ ಕಡಿಮೆ. ತೆರೆದ ನೀರಿನಲ್ಲಿ ನೈಟ್ರೇಟ್ ಅನಿಲವಾಗುವ ಈ ಕ್ರಿಯೆ ಎರಡು ಬಗೆಯ ಸಾರಜನಕದ ನಡುವೆ ಸಾವಿರಕ್ಕೆ 20ರಿಂದ 25ರಷ್ಟು ಭೇದ ಮಾಡುತ್ತದೆ. ಕೆಸರಿನ ಮೇಲಿನ ನೀರಿನಲ್ಲಿ ಕಾಣುವುದು ಬಹಳಷ್ಟು ಸಲ 3ಕ್ಕಿಂತ ಕಡಿಮೆ. ತಟ್ಟೆ ಪೂರ್ತಿ ಖಾಲಿಯಾದ ಮೇಲೆ ಮೊದಲು ಏನು ತಿಂದರು ಅಂತ ಹೇಳಲಾಗದ ಹಾಗೆ, ಒಳಗೆ ಇಳಿದ ನೈಟ್ರೇಟ್ ಪೂರ್ತಿ ಮುಗಿದುಹೋಗುತ್ತದೆ. ನೀರಿನಿಂದ ಅಷ್ಟು ಸಾರಜನಕ ಕಳೆದರೂ ಕೆಸರು ಅದರ ಲೆಕ್ಕ ಬಿಟ್ಟುಕೊಡುವುದಿಲ್ಲ.

ಇದೆಲ್ಲ ಸುಮ್ನೆ ಲ್ಯಾಬಿನ ಚರ್ಚೆಯಲ್ಲ. ಉತ್ತರ ಕನ್ನಡದ ಅಘನಾಶಿನಿಯಂಥ ಅಳಿವೆಯಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ತೆಗೆದು ಮಾರುವವರಿದ್ದಾರೆ. ಒಂದು ಸಂಖ್ಯೆ ಹಿಡಿದು "ಚರಂಡಿ ಕೆಸರು" ಅಂದುಬಿಟ್ಟರೆ ಅವರ ಸಂತೆ ಹಾಳಾಗುತ್ತದೆ. ನಿಜವಾಗಿ ಚರಂಡಿ ನೀರು ಸೇರುತ್ತಿದ್ದು, "ಇಲ್ಲ" ಅಂದರೆ ತಿನ್ನುವವರ ಆರೋಗ್ಯಕ್ಕೆ ಅಪಾಯ.

ಹಾಗಾಗಿ ಯಾರಾದರೂ ಡೆಲ್ಟಾ ಸಂಖ್ಯೆ ತೋರಿಸಿದರೆ ನಾನು ಕೇಳುವುದು ಬೇರೆ. ನದಿಯ ಸಿಹಿನೀರಿನಿಂದ ಅಳಿವೆ ಬಾಯಿಯವರೆಗೆ ಮಾದರಿ ತೆಗೆದಿದ್ದಾರಾ? ಮಳೆಗಾಲದಲ್ಲೂ ಬೇಸಿಗೆಯಲ್ಲೂ ತೆಗೆದಿದ್ದಾರಾ? ಇಂಗಾಲ ಮತ್ತು ಸಾರಜನಕದ ಅನುಪಾತ ಎಷ್ಟು? ಪಾಚಿಯದ್ದು 6ರಿಂದ 7, ಕಾಂಡ್ಲಾ ಎಲೆಯದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ನೀರಿನ ನೈಟ್ರೇಟ್‌ನಲ್ಲಿ ಆಮ್ಲಜನಕದ ಐಸೋಟೋಪ್ ಕೂಡ ನೋಡಿದ್ದಾರಾ? ಎಲ್ಲಕ್ಕಿಂತ ಮುಖ್ಯವಾಗಿ ಕೆಸರಿನಲ್ಲಿ ಕೊಪ್ರೊಸ್ಟನಾಲ್ ಹುಡುಕಿದ್ದಾರಾ? ಕರುಳಿನ ಬ್ಯಾಕ್ಟೀರಿಯಾ ಕೊಲೆಸ್ಟ್ರಾಲ್‌ನಿಂದ ಮಾಡುವ ವಸ್ತು ಅದು, ಮನುಷ್ಯರ ಮಲದಲ್ಲಿ ಹೇರಳ. ಡೆಲ್ಟಾ ಜೊತೆಗೆ ಅದೂ ಚೆನ್ನಾಗಿ ಸಿಕ್ಕಿದರೆ ಚರಂಡಿ ನೀರು ಸೇರಿದೆ ಅಂತ ನಾನು ಧೈರ್ಯವಾಗಿ ಬರೆಯುತ್ತೇನೆ.