ನಮ್ಮ ಬೀದಿಯ ಸರಗಳ್ಳತನ ಮತ್ತು ಆರಿದ ಒಂದು ದೀಪ

2024ರ ಕಾರ್ತಿಕ ಮಾಸದ ಒಂದು ಸಂಜೆ, ಶಿರಸಿಯ ಬನವಾಸಿ ರಸ್ತೆಯ ಕಡೆಗಿರುವ ನಮ್ಮ ಬಡಾವಣೆಯಲ್ಲಿ, ದೇವಸ್ಥಾನದ ದೀಪೋತ್ಸವ ಮುಗಿಸಿಕೊಂಡು ಒಬ್ಬರೇ ನಡೆದು ಬರುತ್ತಿದ್ದ ಎದುರು ಮನೆಯ ದೊಡ್ಡಮ್ಮನ ಕುತ್ತಿಗೆಯಿಂದ ಬೈಕಿನಲ್ಲಿ ಬಂದ ಇಬ್ಬರು ಕರಿಮಣಿ ಸರವನ್ನು ಹರಿದುಕೊಂಡು ಹೋದರು. ದೊಡ್ಡಮ್ಮ ಸರವನ್ನು ಬಿಡದೆ ಹಿಡಿದುಕೊಂಡಿದ್ದರಿಂದ ಅರ್ಧ ಅವರ ಮುಷ್ಟಿಯಲ್ಲೇ ಉಳಿಯಿತು. ಉಳಿದ ಮಣಿಗಳು ಗಟಾರದ ಚಪ್ಪಡಿಯ ಮೇಲೆ, ಮಣ್ಣಿನಲ್ಲಿ, ಹುಲ್ಲಿನ ಬುಡದಲ್ಲಿ ಚೆಲ್ಲಿಹೋಗಿದ್ದವು. ಮೊಬೈಲಿನ ಬೆಳಕು ಹಿಡಿದು ನಾವು ನಾಲ್ಕು ಮನೆಯ ಹೆಂಗಸರು ಕುಕ್ಕರಗಾಲಿನಲ್ಲಿ ಕುಳಿತು ಅವನ್ನು ಆಯ್ದೆವು. ಮೊಬೈಲಿನ ಬೆಳಕು ಏಕೆ ಬೇಕಾಯಿತೆಂದರೆ, ಎದುರಿಗಿದ್ದ ಕಂಬದ ದೀಪ ಆರಿ ಆಗಲೇ ಒಂದೂವರೆ ತಿಂಗಳಾಗಿತ್ತು.

ಇಂಥ ಘಟನೆ ನಡೆದಾಗಲೆಲ್ಲ ಪೊಲೀಸರು ಏನು ಮಾಡುತ್ತಿದ್ದಾರೆ ಎಂದು ಕೇಳುವುದು ರೂಢಿ. ಆ ಪ್ರಶ್ನೆ ತಪ್ಪೇನಲ್ಲ. ಆದರೆ ಆ ಸಂಜೆಯನ್ನು ಈಗ ನೆನೆದರೆ, ನಾವು ಏನು ಮಾಡುತ್ತಿದ್ದೆವು ಎಂಬ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುತ್ತದೆ.

ಮೊದಲಿಗೆ, ನಾವು ಯಾರಿಗೆ ಫೋನು ಮಾಡಿದೆವು ಎಂಬುದನ್ನು ಹೇಳುತ್ತೇನೆ. ದೊಡ್ಡಮ್ಮನ ಮಗನಿಗೆ ಬೆಂಗಳೂರಿಗೆ ಮಾಡಿದೆವು. ಆತ ಸಿದ್ದಾಪುರದಲ್ಲಿರುವ ಮಾವನಿಗೆ ಮಾಡಿದ. ಮಾವ ಮರಳಿ ನಮಗೇ ಮಾಡಿ, ಗಾಬರಿಯಾಗಬೇಡಿ ಎಂದರು. 112ಕ್ಕೆ ಕರೆ ಹೋದದ್ದು ಇಪ್ಪತ್ತೈದು ನಿಮಿಷಗಳ ಅನಂತರ. ಶಿರಸಿಯಿಂದ ಬೈಕಿನಲ್ಲಿ ಓಡಿಹೋಗುವವನಿಗೆ ದಾರಿಗಳು ತೀರಾ ಹೆಚ್ಚೇನಿಲ್ಲ: ಬನವಾಸಿ, ಸಿದ್ದಾಪುರ, ಯಲ್ಲಾಪುರ, ಹುಬ್ಬಳ್ಳಿಯ ಕಡೆಯ ರಸ್ತೆಗಳು, ಮತ್ತು ದೇವಿಮನೆ ಘಟ್ಟ ಇಳಿದು ಕುಮಟಾ ತಲುಪುವ ರಸ್ತೆ. ಬೈಕು ಯಾವ ದಿಕ್ಕಿಗೆ ಹೋಯಿತೆಂದು ಎರಡೇ ನಿಮಿಷದಲ್ಲಿ ತಿಳಿಸಿದರೆ ಅಡ್ಡಗಟ್ಟುವುದು ಸಾಧ್ಯವಿರುವ ಊರಿದು. ಇಪ್ಪತ್ತೈದು ನಿಮಿಷ ಸಿಕ್ಕವನು ಅಷ್ಟರಲ್ಲಿ ಘಟ್ಟದ ಅರ್ಧ ದಾರಿಯಲ್ಲಿರುತ್ತಾನೆ. ಬಣ್ಣ, ದಿಕ್ಕು, ಎಷ್ಟು ಜನ, ತಲೆಯ ಮೇಲೆ ಹೆಲ್ಮೆಟ್ಟೋ ಟೊಪ್ಪಿಯೋ, ಇಷ್ಟು ಹೇಳಿದರೂ ಸಾಕು. ಗಾಡಿಯ ನಂಬರು ಕಾಣಲಿಲ್ಲವೆಂದು ಸುಮ್ಮನಾಗಬೇಕಿಲ್ಲ.

ಇನ್ನು ನನ್ನ ಪಾಲಿನದು. ಅದೇ ದಿನ ಸಂಜೆ ನಾಲ್ಕೂವರೆಗೆ ಕಿಟಕಿಯ ಬಳಿ ಅಕ್ಕಿ ಆರಿಸುತ್ತಿದ್ದಾಗ, ಟ್ರಾನ್ಸ್‌ಫಾರ್ಮರಿನ ಪಕ್ಕ ಒಂದು ಬೈಕು ನಿಂತಿದ್ದನ್ನು ನಾನು ಕಂಡಿದ್ದೆ. ಅದರ ಬಲಗಡೆಯ ಕನ್ನಡಿ ಇರಲಿಲ್ಲ, ಹಿಂದಿನ ನಂಬರ್ ಪ್ಲೇಟು ಮೇಲಕ್ಕೆ ಬಗ್ಗಿತ್ತು. ಯಾರದೋ ಮನೆಗೆ ಬಂದ ನೆಂಟರಿರಬೇಕು ಎಂದುಕೊಂಡೆ. ಹೊರಗೆ ಹೋಗಿ, ಯಾರ ಮನೆ ಬೇಕಿತ್ತು ಎಂದು ಕೇಳಿದ್ದರೆ ಸಾಕಿತ್ತು. ನಮ್ಮ ಹಳ್ಳಿಯ ಕೇರಿಗಳಲ್ಲಿ ಹೊಸ ಮುಖ ಕಂಡರೆ ಜಗಲಿಯ ಮೇಲೆ ಕುಳಿತವರು ಮೊದಲು ಕೇಳುತ್ತಿದ್ದ ಮಾತು ಅದೇ. ಅದರಲ್ಲಿ ಸಂಶಯವೂ ಇತ್ತು, ಕುಡಿಯಲು ಆಸರಿಗೆ ಏನಾದರೂ ಬೇಕೇ ಎಂಬ ಉಪಚಾರವೂ ಇತ್ತು. ಪೇಟೆಗೆ ಬಂದು ಕಾಂಪೌಂಡು ಕಟ್ಟಿಕೊಂಡ ಮೇಲೆ ಹಾಗೆ ಕೇಳುವುದು ಅಸಭ್ಯವೆಂಬ ಭಾವನೆ ನಮ್ಮಲ್ಲಿ ಬಂದುಬಿಟ್ಟಿದೆ.

ರಾತ್ರಿ ಪೊಲೀಸರು ಬಂದು ಯಾರಾದರೂ ಏನಾದರೂ ನೋಡಿದ್ದೀರಾ ಎಂದು ಕೇಳಿದಾಗ ನಾನು ಬಾಯಿ ಬಿಡಲಿಲ್ಲ. "ನಿಂಗೆಂತಕ್ಕೆ ಇಲ್ದಿದ್ದ ಉಸಾಬರಿ, ಸುಮ್ನೆ ಇರು," ಎಂದು ಮನೆಯವರು ಒಳಗಿನಿಂದ ಹೇಳಿದ್ದು ಒಂದು ನೆಪ. ನನಗೂ ಹಾಗೆಯೇ ಅನ್ನಿಸಿತ್ತು ಎಂಬುದು ನಿಜ. ಮರುದಿನ ದೊಡ್ಡಮ್ಮನನ್ನು ನೋಡಲು ಹೋದೆ. ಕುತ್ತಿಗೆಯ ಸುತ್ತ ಸರ ಕೊರೆದ ಗೆರೆ ಕೆಂಪಾಗಿ ಬಾತಿತ್ತು, ಅದರ ಮೇಲೆ ಅರಿಸಿನ ಮೆತ್ತಿಕೊಂಡಿದ್ದರು. "ತಂಗೀ, ಒಬ್ರೂ ನೋಡಿದ್ವಿಲ್ಯಡ," ಎಂದರು; ಒಬ್ಬರೂ ನೋಡಲಿಲ್ಲವಂತೆ ಎಂದು. ಆ ಮಧ್ಯಾಹ್ನವೇ ನಾನು ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆ.

ಹೋಗುವ ಮೊದಲು ಓದಿಕೊಂಡ ಕೆಲವು ಸಂಗತಿಗಳು ಉಳಿದವರಿಗೂ ಉಪಯೋಗವಾದಾವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಕಸಿದುಕೊಂಡು ಓಡುವುದನ್ನೇ 304ನೇ ಕಲಮಿನಲ್ಲಿ ಪ್ರತ್ಯೇಕ ಅಪರಾಧವೆಂದು ಹೇಳಿ, ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಲಾಗಿದೆ. ಗಾಯವಾಗಿದ್ದರೆ ಇನ್ನೂ ಕಠಿಣವಾದ ಸುಲಿಗೆಯ ಕಲಮು ಸೇರಬಹುದು. ಆದ್ದರಿಂದ ಅರಿಸಿನ ಮೆತ್ತುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ದಾಖಲೆ ಮಾಡಿಸಿಕೊಳ್ಳುವುದು ಒಳ್ಳೆಯದು. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಮೊಬೈಲು ಅಥವಾ ಕಂಪ್ಯೂಟರಿನ ಮೂಲಕ ಕಳಿಸಿದರೆ ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಯವರೆಗೆ ಬಂತೆಂದು ತೊಂಬತ್ತು ದಿನದೊಳಗೆ ತಿಳಿಸಬೇಕು. ಹೆಂಗಸರನ್ನಾಗಲಿ ಅರವತ್ತು ದಾಟಿದವರನ್ನಾಗಲಿ ಸಾಕ್ಷಿ ಕೇಳಲು ಠಾಣೆಗೇ ಬರಬೇಕೆಂದು ಒತ್ತಾಯಿಸುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು. ನಾನು ಹೋದದ್ದು ನನ್ನ ಇಷ್ಟದಿಂದ. ಬೆಂಚಿನ ಮೇಲೆ ಒಂದು ಗಂಟೆ ಕಾದೆ; ಅಡಿಕೆ ಟೆಂಡರಿನ ದಿನ ಮಂಡಿಯಲ್ಲಿ ಅದಕ್ಕಿಂತ ಹೆಚ್ಚು ಕಾದಿದ್ದೇನೆ.

ಇಲ್ಲಿಯೇ ಇನ್ನೊಂದು ಮಾತು. ಮೊಬೈಲು ಕಸಿದುಕೊಂಡು ಹೋದಾಗ, ಕಳೆದುಹೋಗಿದೆ ಎಂದು ಬರೆದುಕೊಟ್ಟು ಒಂದು ಸ್ವೀಕೃತಿ ಪಡೆದು ಹೊಸ ಸಿಮ್ ಹಾಕಿಸಿಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ. ಸುಲಭದ ದಾರಿಯೇನೋ ಹೌದು. ಆದರೆ ಹಾಗೆ ಬರೆದರೆ ಆ ರಸ್ತೆಯಲ್ಲಿ ಕಳ್ಳತನವೇ ನಡೆದಿಲ್ಲ ಎಂದಾಗುತ್ತದೆ, ಅಲ್ಲಿಗೆ ಗಸ್ತು ಹೆಚ್ಚಿಸಲು ಯಾರಿಗೂ ಕಾರಣ ಉಳಿಯುವುದಿಲ್ಲ. ಕಸಿದದ್ದನ್ನು ಕಸಿದರೆಂದೇ ಬರೆಯಬೇಕು. ಪ್ರತಿ ಫೋನಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆಯಾದ ಐಎಂಇಐಯನ್ನು ಮೊದಲೇ ಗುರುತು ಹಾಕಿಟ್ಟುಕೊಂಡಿದ್ದರೆ, ದೂರು ಕೊಟ್ಟ ಮೇಲೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಫೋನನ್ನು ಯಾವ ಸಿಮ್ಮಿಗೂ ಬಾರದಂತೆ ತಡೆಯಬಹುದು.

ಕ್ಯಾಮರಾಗಳ ಕಥೆ ಸ್ವಲ್ಪ ನಗೆಪಾಟಲಿನದು. ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ಸಿಸಿಟಿವಿ ಇದೆ. ಮೂರರ ಕಣ್ಣು ತಮ್ಮ ತಮ್ಮ ಪೋರ್ಟಿಕೋದ ಕಾರಿನ ಮೇಲೆಯೇ ನೆಟ್ಟಿತ್ತು. ನಾಲ್ಕನೆಯದರಲ್ಲಿ ಬೈಕು ಹಾದುಹೋದದ್ದು ದಾಖಲಾಗಿತ್ತು, ಆದರೆ ಅದರ ಗಡಿಯಾರ ಒಂದು ಗಂಟೆ ನಲವತ್ತು ನಿಮಿಷ ಹಿಂದಿತ್ತು. ಅದಕ್ಕಿಂತ ದೊಡ್ಡ ತೊಡಕು ಮುಂದೆ ಬಂತು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಇಂಥ ವಿಡಿಯೋದ ಪ್ರತಿಯನ್ನು ನ್ಯಾಯಾಲಯ ಒಪ್ಪಬೇಕಾದರೆ, ಆ ಯಂತ್ರವನ್ನು ನೋಡಿಕೊಳ್ಳುವವರು ಸಹಿ ಮಾಡಿದ ಪ್ರಮಾಣಪತ್ರ ಅದರ ಜೊತೆಗಿರಬೇಕು. ಮನೆಯ ಯಜಮಾನರು ವಿಡಿಯೋವನ್ನು ಬೀದಿಯ ವಾಟ್ಸಾಪ್ ಗುಂಪಿಗೆ ಸಂತೋಷದಿಂದ ಹಾಕಿದ್ದರು. ಸಹಿ ಎಂದೊಡನೆ ಹಿಂದೆ ಸರಿದರು. ಅವರನ್ನು ಒಪ್ಪಿಸಲು ನಮಗೆ ಎರಡು ವಾರ ಹಿಡಿಯಿತು. ನೂರಾರು ಜನಕ್ಕೆ ತೋರಿಸಿದ್ದನ್ನು ನ್ಯಾಯಾಧೀಶರೊಬ್ಬರಿಗೆ ತೋರಿಸಲು ಏಕೆ ಅಂಜಿಕೆ ಎಂದು ನಾನು ಕೇಳಿಯೇಬಿಟ್ಟೆ. ಕೇಳಬಾರದಿತ್ತೇನೋ.

ಅದೇ ವಾಟ್ಸಾಪ್ ಗುಂಪಿನಲ್ಲಿ ಮೂರನೆಯ ದಿನ, ಸೈಕಲ್ಲಿನ ಮೇಲೆ ಕಂಬಳಿ ಮಾರುವ ಒಬ್ಬನ ಫೋಟೋ ಬಂತು, ಕೆಳಗೆ "ಇವನೇ" ಎಂಬ ಒಂದೇ ಶಬ್ದ. ಅಷ್ಟಕ್ಕೇ ನಾಲ್ಕಾರು ಹುಡುಗರು ಅವನನ್ನು ನಿಲ್ಲಿಸಿ ಗಂಟು ಬಿಚ್ಚಿಸಿದರು. ಹೊಡೆಯಲಿಲ್ಲ ಎಂಬುದಷ್ಟೇ ಸಮಾಧಾನ. 2018ರ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟರೆಂಬ ಕಾರಣಕ್ಕೆ ಮಕ್ಕಳ ಕಳ್ಳರೆಂಬ ವದಂತಿ ಹಬ್ಬಿ, ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಒಬ್ಬರನ್ನು ಗುಂಪು ಕೊಂದುಹಾಕಿತು. ಅಲ್ಲಿಯೂ ವದಂತಿ ಓಡಿದ್ದು ವಾಟ್ಸಾಪಿನಲ್ಲಿಯೇ. ಕಣ್ಣೆದುರಿಗೆ ಕಳ್ಳತನ ಮಾಡಿದವನನ್ನು ಹಿಡಿಯಲು ಸಾಮಾನ್ಯರಿಗೂ ಕಾನೂನಿನಲ್ಲಿ ಅವಕಾಶವಿದೆ, ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಣ್ಣೆದುರಿಗೆ ಎಂಬ ಮಾತು ಅಲ್ಲಿ ಮುಖ್ಯ. ನಮ್ಮ ಕಂಬಳಿಯವನು ಸರ ಹೋದ ಸಂಜೆ ಶಿರಸಿಯಲ್ಲಿಯೇ ಇರಲಿಲ್ಲ. ಅವನು ಮತ್ತೆ ನಮ್ಮ ಬೀದಿಗೆ ಬರಲೂ ಇಲ್ಲ.

ಕಳ್ಳರು ಸಿಕ್ಕಿದ್ದು ಮೂರು ತಿಂಗಳ ಮೇಲೆ, ಕರಾವಳಿಯ ಇನ್ನೊಂದು ಊರಿನಲ್ಲಿ, ಬೇರೊಂದು ಪ್ರಕರಣದಲ್ಲಿ. ಬಂಗಾರ ಕರಗಿ ಗಟ್ಟಿಯಾಗಿತ್ತು. ಪೊಲೀಸರು ವಶಪಡಿಸಿಕೊಂಡ ಮುದ್ದೇಮಾಲು ಕೋರ್ಟಿನಲ್ಲೇ ಕೊಳೆಯುತ್ತದೆ ಎಂಬ ಹೆದರಿಕೆಯಿಂದ ದೂರನ್ನೇ ಕೊಡದವರನ್ನು ನಾನು ಬಲ್ಲೆ. ಆದರೆ ಫೋಟೋ ಮತ್ತು ಪಂಚನಾಮೆ ಇಟ್ಟುಕೊಂಡು, ಬಾಂಡ್ ಬರೆಸಿಕೊಂಡು ವಸ್ತುವನ್ನು ಬೇಗನೆ ಒಡೆಯರಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿದೆ. ದೊಡ್ಡಮ್ಮ ಅರ್ಜಿ ಹಾಕಿ ಗಟ್ಟಿಯನ್ನೂ, ಲಕೋಟೆಯಲ್ಲಿ ಮೊಹರು ಹಾಕಿಟ್ಟಿದ್ದ ಹರಿದ ತುಂಡನ್ನೂ ಬಿಡಿಸಿಕೊಂಡರು. ನಾವು ಆಯ್ದ ಮಣಿಗಳನ್ನು ಪಂಚರು ಒಂದೊಂದಾಗಿ ಎಣಿಸಿ ಬರೆದುಕೊಂಡಿದ್ದರು, ಮೂವತ್ತೊಂದು.

ದೀಪದ ವಿಷಯಕ್ಕೆ ಬರುತ್ತೇನೆ. ಆ ಒಂದೂವರೆ ತಿಂಗಳಿನಲ್ಲಿ ದೀಪ ಆರಿದ್ದನ್ನು ನಮ್ಮ ಬೀದಿಯ ಹದಿನಾಲ್ಕು ಮನೆಯವರೂ ನೋಡಿದ್ದೆವು, ಕತ್ತಲೆಯಲ್ಲಿ ಹಾವು ತುಳಿದೇವೆಂದು ಮಾತಾಡಿಕೊಂಡೂ ಇದ್ದೆವು. ಎಲ್ಲರೂ ಇನ್ನೊಬ್ಬರು ದೂರು ಕೊಟ್ಟಿರಬಹುದೆಂದು ಭಾವಿಸಿದ್ದರಿಂದ ಯಾರೂ ಕೊಟ್ಟಿರಲಿಲ್ಲ. ಸರ ಹೋದ ನಾಲ್ಕನೆಯ ದಿನ ನಾನು ಫೋನು ಮಾಡಿದಾಗ ಆ ಕಡೆಯಿಂದ ಕೇಳಿದ ಮೊದಲ ಪ್ರಶ್ನೆ ಕಂಬದ ನಂಬರು ಎಷ್ಟು ಎಂದು. ಹನ್ನೆರಡು ವರ್ಷದಿಂದ ಆ ಕಂಬದ ಎದುರಿಗೇ ವಾಸವಾಗಿರುವ ನನಗೆ ಅದು ಗೊತ್ತಿರಲಿಲ್ಲ. ಟಾರ್ಚು ಹಿಡಿದು ಹೋಗಿ, ಟ್ಯೂಷನ್ ಜಾಹೀರಾತಿನ ಚೀಟಿಯನ್ನು ಕೆರೆದು, ಅದರಡಿಯ ಬಣ್ಣದ ಅಂಕಿಗಳನ್ನು ಓದಿಕೊಂಡು ಬಂದು ಹೇಳಿದೆ. ಎರಡನೆಯ ದಿನಕ್ಕೆ ದೀಪ ಉರಿಯಿತು. ಈಗ ಬೀದಿಯ ಆರೂ ಕಂಬಗಳ ನಂಬರು ನಮ್ಮ ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ ಇವೆ, ಬೀಟ್ ಪೊಲೀಸರ ಫೋನ್ ನಂಬರಿನ ಜೊತೆಗೆ.

ಸಾಕ್ಷಿ ಹೇಳಲು ಸಮನ್ಸ್ ಬಂದದ್ದು ಬಹಳ ತಡವಾಗಿ. ಎರಡು ವಾಯಿದೆಗೆ ಸುಮ್ಮನೆ ಹೋಗಿಬಂದ ಮೇಲೆ ಮೂರನೆಯ ಸಲ ಸಾಕ್ಷಿಕಟ್ಟೆ ಹತ್ತಿದೆ. ಬಲಗನ್ನಡಿ ಇಲ್ಲದ ಬೈಕು, ಬಗ್ಗಿದ ನಂಬರ್ ಪ್ಲೇಟು, ಟ್ರಾನ್ಸ್‌ಫಾರ್ಮರು, ನಾಲ್ಕೂವರೆಯ ಬಿಸಿಲು, ಎಲ್ಲವನ್ನೂ ಹೇಳಿದೆ. ಅದೇ ಬೈಕು ಕತ್ತಲಾದ ಮೇಲೆ ದೊಡ್ಡಮ್ಮನ ಪಕ್ಕದಿಂದ ತಿರುಗಿ ಹೋದದ್ದನ್ನು ಕಂಡೆನೆಂದೂ ಹೇಳಿದೆ. ಪಾಟೀಸವಾಲಿಗೆ ಎದ್ದ ಆರೋಪಿಗಳ ಪರ ವಕೀಲರು ಬಹಳ ಮರ್ಯಾದೆಯಿಂದ ಮಾತಾಡಿದರು.

"ಆ ಜಾಗದಲ್ಲಿ ಬೀದಿದೀಪ ಉರಿಯುತ್ತಿತ್ತೇ ಅಮ್ಮಾ?"

"ಇಲ್ಲ, ಒಂದೂವರೆ ತಿಂಗಳಿಂದ ಉರಿಯುತ್ತಿರಲಿಲ್ಲ," ಎಂದೆ.

"ಆ ಬಗ್ಗೆ ನೀವಾಗಲಿ ನೆರೆಹೊರೆಯವರಾಗಲಿ ಎಲ್ಲಿಯಾದರೂ ದೂರು ಕೊಟ್ಟಿದ್ದಿರಾ?"

ಅದಕ್ಕೂ ಇಲ್ಲವೆಂದೇ ಹೇಳಬೇಕಾಯಿತು. ಬೆರಳಚ್ಚುಗಾರರು ಎರಡೂ ಉತ್ತರಗಳನ್ನು ದಾಖಲಿಸಿಕೊಂಡರು, ನಾನು ಓದಿ ನೋಡಿ ಕೆಳಗೆ ಸಹಿ ಮಾಡಿದೆ.